ಈಚಲು ಮರದ ಕೆಳಗಿನ ಮಜ್ಜಿಗೆ

ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆಂದೇ ತಿಳಿಯುತ್ತಾರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಈ ಗಾದೆಯ ಅಂಜಿಕೆಯಿಂದಲೋ ಏನೋ, ನಮ್ಮ ಎಷ್ಟೋ ಮನೆಗಳಲ್ಲಿ ಮದ್ಯದ ಮಾತನ್ನೇ ಎತ್ತುವುದಿಲ್ಲ. ಮಕ್ಕಳಿಗೆ ನ್ಯೂಟನ್ನನ ಮೂರು ನಿಯಮಗಳು ಗೊತ್ತು, ದ್ಯುತಿಸಂಶ್ಲೇಷಣೆ ಗೊತ್ತು, ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಎಥನಾಲಿನ ಸೂತ್ರವೂ ಬಾಯಿಪಾಠ. ಬೀದಿಯ ತುದಿಯ ಅಂಗಡಿಯ ಸೀಸೆಯಲ್ಲಿರುವುದೂ ಅದೇ ಎಥನಾಲ್, ಅದು ಇಷ್ಟು ಹೊಟ್ಟೆಗೆ ಹೋದರೆ ಇಷ್ಟು ಹೊತ್ತು ರಕ್ತದಲ್ಲಿರುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಹೇಳದೆ ಬಿಟ್ಟ ಪಾಠವನ್ನು ಮಕ್ಕಳು ಬೇರೆ ಕಡೆ, ಬೇರೆಯವರಿಂದ ಕಲಿಯುತ್ತಾರೆ. ದೊಡ್ಡಮಳೂರಿನ ಒಂದು ಮನೆಯಲ್ಲಿ ಈ ಪಾಠ ತಿರುವುಮುರುವಾಗಿ ನಡೆಯಿತು. ಅಲ್ಲಿ ಕಲಿಸಿದವನು ಮಗ, ಕಲಿತವರು ಹಿರಿಯರು.

ಚನ್ನಪಟ್ಟಣದಿಂದ ಮೈಸೂರಿನ ಕಡೆಗೆ ಹೊರಟರೆ ಸುಮಾರು ಮೂರು ಕಿಲೋಮೀಟರಿಗೆ ದೊಡ್ಡಮಳೂರು ಸಿಗುತ್ತದೆ. ಅಪ್ರಮೇಯಸ್ವಾಮಿಯ ಗುಡಿ, ಅಲ್ಲೇ ಬೆಣ್ಣೆ ಹಿಡಿದು ಅಂಬೆಗಾಲಿಡುವ ನವನೀತಕೃಷ್ಣ, ಮಕ್ಕಳಾಗಲೆಂದು ಹರಕೆ ಹೊತ್ತವರು ಒಪ್ಪಿಸಿದ ಪುಟ್ಟ ಪುಟ್ಟ ತೊಟ್ಟಿಲುಗಳು, ಇವು ಊರಿನ ಗುರುತು. ಪುರಂದರದಾಸರು ಇಲ್ಲಿಗೆ ಬಂದು ಕೃಷ್ಣನನ್ನು ಹಾಡಿ ಹೋದರೆಂದು ಊರಿನವರ ನಂಬಿಕೆ. ಸುತ್ತಮುತ್ತ ತೆಂಗು ಮತ್ತು ಹಿಪ್ಪುನೇರಳೆಯ ತೋಟಗಳು. ಆ ಮನೆಯ ಯಜಮಾನರದೂ ರೇಷ್ಮೆ ಬೇಸಾಯವೇ. ಹುಳು ಸಾಕಿ, ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಗೆ ಹೊತ್ತು, ತಕ್ಕಡಿಯ ಮುಳ್ಳನ್ನು ನೋಡುತ್ತ ನಿಂತು ಬಾಳು ಸಾಗಿಸಿದವರು. ಅವರ ಮಗ ಪಿಯುಸಿ ಮುಗಿಸಿ 2018ರಲ್ಲಿ ಬೆಂಗಳೂರಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಹೊರಟ. "ಅಡುಗೆ ಕಲಿಯೋಕೂ ಕಾಲೇಜು ಬೇಕಾ?" ಎಂದು ನೆಂಟರು ನಕ್ಕದ್ದುಂಟು. ಆ ಓದಿನಲ್ಲಿ ಅಡುಗೆಯ ಜೊತೆಗೆ ಪಾನೀಯ ಸೇವೆ ಎಂಬ ಇನ್ನೊಂದು ವಿಷಯವೂ ಇದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಟ್ಟದ ಮೇಲಿನ ಪುಸ್ತಕ

2019ರ ರಾಮನವಮಿಗೆ ಹುಡುಗ ಊರಿಗೆ ಬಂದಾಗ ಅವನ ನೋಟ್‌ಪುಸ್ತಕ ತಂದೆಯ ಕೈಗೆ ಸಿಕ್ಕಿತು. ಮಗನ ಅಕ್ಷರ ದುಂಡಗಿತ್ತು, ಅಂಚು ಬಿಟ್ಟು ನೀಟಾಗಿ ಬರೆದಿದ್ದ. ಬರೆದದ್ದೇನು? ಬ್ರಾಂದಿ 50 ಮಿಲಿಲೀಟರ್, ಕಿತ್ತಳೆಯ ಮದ್ಯ 20, ನಿಂಬೆರಸ 20, ಐಸ್ ಹಾಕಿ ಕುಲುಕಿ ಸೋಸುವುದು. ಮುಂದಿನ ಪುಟದಲ್ಲಿ ಇನ್ನೊಂದು, ಅದರ ಮುಂದೆ ಮತ್ತೊಂದು.

"ಇದೇನ್ಲಾ ಮಗ, ಓದೋಕೆ ಅಂತ ಕಳ್ಸುದ್ರೆ ಎಣ್ಣೆ ಅಂಗ್ಡಿ ಲೆಕ್ಕ ಬರ್ಕಂಡ್ ಬಂದಿದ್ದೀಯಾ?" ಎಂದಷ್ಟೇ ಅಂದು ಅವರು ತೋಟಕ್ಕೆ ಹೊರಟುಹೋದರು. ಬೈಯಲಿಲ್ಲ, ಕೂಗಾಡಲಿಲ್ಲ. ಎರಡು ದಿನ ಮಗನೊಂದಿಗೆ ಮಾತೇ ಇಲ್ಲ.

ಇದಕ್ಕೆ ಕಾರಣವಿತ್ತು. ಆ ಮನೆಯ ಹಿರಿಯ ಮಗ, ಅಂದರೆ ಹುಡುಗನ ದೊಡ್ಡಪ್ಪ, 2005ರಲ್ಲಿ ಲಿವರ್ ಕೆಟ್ಟು ತೀರಿಕೊಂಡಿದ್ದರು. ಮೊದಲು ಸಾರಾಯಿ ಪ್ಯಾಕೆಟ್ಟು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದಕ್ಕೂ ಬಹಳ ಹಿಂದೆಯೇ ಅವರು ಸಾರಾಯಿಯನ್ನು ಬಿಟ್ಟಿದ್ದರು. ಬಿಟ್ಟು ಹಿಡಿದದ್ದು ಬ್ರಾಂದಿಯನ್ನು. "ಸಾರಾಯಿ ಕರುಳು ಸುಡ್ತದೆ, ಬ್ರಾಂದಿ ಮೈಗೆ ಒಳ್ಳೇದು, ದ್ರಾಕ್ಷಿದು" ಎಂದು ಯಾರೋ ಹೇಳಿದ್ದರಂತೆ. ಅವರ ಫೋಟೋ ಗೋಡೆಯ ಮೇಲಿತ್ತು. ಅವರು ಹೇಗೆ ಸತ್ತರೆಂಬ ಮಾತು ಮಾತ್ರ ಆ ಮನೆಯಲ್ಲಿ ಹದಿನಾಲ್ಕು ವರ್ಷ ಯಾರ ಬಾಯಲ್ಲೂ ಬಂದಿರಲಿಲ್ಲ.

ಪಾನಕದ ಅಣ್ಣ

ಮೌನ ಮುರಿದವರು ಅಜ್ಜಿ. ರಾಮನವಮಿಯ ಪಾನಕಕ್ಕೆ ಬೆಲ್ಲ ಕುಟ್ಟುತ್ತ ಮೊಮ್ಮಗನನ್ನು ಕೂರಿಸಿಕೊಂಡು, "ಅದ್ಕೆ ಏನೇನ್ ಹಾಕ್ತಾರ್ಲಾ ಕೂಸೇ?" ಎಂದು ಕೇಳಿಯೇಬಿಟ್ಟರು. ಹುಡುಗ ತನ್ನ ಪುಸ್ತಕದ ಮೊದಲ ಪುಟವನ್ನು ಓದಿದ. ಅದು ಪಂಚ್ ಎಂಬ ಪಾನೀಯದ್ದು. ಮದ್ಯ, ನಿಂಬೆ, ಸಕ್ಕರೆ, ನೀರು, ಮಸಾಲೆ. ಅಜ್ಜಿಯ ಮುಂದೆ ಪಾತ್ರೆಯಲ್ಲಿದ್ದದ್ದು ಬೆಲ್ಲ, ನೀರು, ನಿಂಬೆ, ಶುಂಠಿ, ಏಲಕ್ಕಿ, ಮೆಣಸು. "ಬ್ರಾಂದಿ ಒಂದ್ ಬಿಟ್ರೆ ಇದು ನಮ್ ಪಾನ್ಕ ಅಲ್ವೇನ್ಲಾ!" ಎಂದರು ಅಜ್ಜಿ.

ಅಜ್ಜಿಯ ಮಾತು ತಮಾಷೆಯಂತೆ ಕಂಡರೂ ಇತಿಹಾಸಕ್ಕೆ ದೂರವಾದದ್ದಲ್ಲ. ಐದು ಪದಾರ್ಥಗಳ ಈ ಪಾನೀಯಕ್ಕೆ ಪಂಚ್ ಎಂಬ ಹೆಸರು ನಮ್ಮ 'ಪಂಚ' ಎಂಬ ಶಬ್ದದಿಂದಲೇ ಬಂತೆಂಬುದು ಬಹಳ ಪ್ರಚಾರದಲ್ಲಿರುವ ಅಭಿಪ್ರಾಯ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ 1632ರಲ್ಲಿ ಭಾರತದಲ್ಲಿದ್ದ ಇನ್ನೊಬ್ಬನಿಗೆ ಬರೆದ ಪತ್ರದಲ್ಲಿ ಆ ಹೆಸರು ಬರುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಪಂಚ್ ಇಂಗ್ಲೆಂಡಿಗೆ ಹೋಗಿ ದೊಡ್ಡ ಬೋಗುಣಿಗಳಲ್ಲಿ ಮೆರೆಯಿತು. ಮುಂದೆ ಒಬ್ಬೊಬ್ಬರಿಗೆ ಒಂದೊಂದು ಲೋಟದಂತೆ ಬೆರೆಸುವ ಕ್ರಮ ಅಮೆರಿಕದಲ್ಲಿ ಬೆಳೆದು ಕಾಕ್‌ಟೇಲ್ ಎನಿಸಿಕೊಂಡಿತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ ಕಾಲಕ್ಕೆ ಬ್ರಿಟಿಷ್ ಸಿಪಾಯಿಗಳ ನಡುವೆ ಇನ್ನೂ ಸರಳವಾದ ಒಂದು ಬೆರಕೆ ಚಾಲ್ತಿಯಲ್ಲಿತ್ತು. ಅದು ಬ್ರಾಂದಿ-ಪಾನಿ. ಬ್ರಾಂದಿಗೆ ನೀರು, ಅಷ್ಟೇ. ಆಂಗ್ಲೋ-ಇಂಡಿಯನ್ ಮಾತುಗಳ ಕೋಶವಾದ 1886ರ 'ಹಾಬ್ಸನ್-ಜಾಬ್ಸನ್'ನಲ್ಲಿ ಈ ಹೆಸರಿಗೂ ಒಂದು ಜಾಗ ಸಿಕ್ಕಿದೆ.

ಪಡಸಾಲೆಯಲ್ಲಿ ಚಂದ್ರಂಕಿಯನ್ನು ಒರೆಸುತ್ತ ಕುಳಿತಿದ್ದ ತಂದೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ.

ಸುಟ್ಟ ದ್ರಾಕ್ಷಾರಸ

ಬ್ರಾಂದಿ ಎಂಬ ಮಾತಿನ ಮೂಲ ಡಚ್ ಭಾಷೆಯಲ್ಲಿದೆ. 'ಸುಟ್ಟ ವೈನ್' ಎಂದು ಅದರ ಅರ್ಥ. ಇಲ್ಲಿ ಸುಡುವುದೆಂದರೆ ಕಾಯಿಸಿ ಬಟ್ಟಿ ಇಳಿಸುವುದು. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ನೂರಕ್ಕೆ ಹನ್ನೆರಡು ಹದಿನೈದು ಭಾಗ ಮದ್ಯಸಾರವಾಗುವ ಹೊತ್ತಿಗೆ ಯೀಸ್ಟ್ ತನ್ನದೇ ಉತ್ಪನ್ನದಲ್ಲಿ ಸೋತು ನಿಲ್ಲುತ್ತದೆ. ಇದು ವೈನ್. ಎಥನಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ನೀರಿಗೆ 100 ಡಿಗ್ರಿ ಬೇಕು. ಹಾಗಾಗಿ ವೈನನ್ನು ಕಾಯಿಸಿದರೆ ಮೇಲೇಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚು. ಅನ್ನದ ತಪ್ಪಲೆಯ ಮುಚ್ಚಳದಲ್ಲಿ ಹಬೆ ತಣಿದು ಹನಿಯಾಗುವಂತೆ ಆ ಆವಿಯನ್ನು ತಣಿಸಿ ಹಿಡಿದರೆ ಬ್ರಾಂದಿ. ಫ್ರಾನ್ಸಿನ ಕೊನ್ಯಾಕ್ ಪ್ರಾಂತದವರು ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಡುತ್ತಾರೆ. ಹೊಂಬಣ್ಣ, ವೆನಿಲಾದಂಥ ಪರಿಮಳ ಆ ಮರದಿಂದ ಬರುತ್ತದೆ.

ನಮ್ಮ ನಾಡಿನ ಬ್ರಾಂದಿಯ ಕಥೆ ಬೇರೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಇಲ್ಲಿ ಉಂಟು. ಆದರೂ ಭಾರತದಲ್ಲಿ ಮಾರಾಟವಾಗುವ ಅಗ್ಗದ ಬ್ರಾಂದಿಯಲ್ಲಿ ಬಹುಪಾಲು ಕಾಕಂಬಿಯ ಸ್ಪಿರಿಟ್; ಅದಕ್ಕೆ ಸ್ವಲ್ಪ ದ್ರಾಕ್ಷಿಯ ಸ್ಪಿರಿಟ್, ಬಣ್ಣ, ವಾಸನೆ ಸೇರಿರುತ್ತವೆ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಮಂಡ್ಯದ ಕಬ್ಬಿನ ಗಾಡಿಗಳನ್ನು ನೋಡಿ ಬೆಳೆದ ಹುಡುಗನಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಅವನು ಇದನ್ನು ಹೇಳಿದಾಗ ತಂದೆ ಮೊದಲ ಬಾರಿ ಬಾಯಿ ಬಿಟ್ಟರು. "ಅಂದ್ರೆ ಅಣ್ಣ ಕುಡೀತಿದ್ದುದ್ದು ದ್ರಾಕ್ಷಿದಲ್ವಾ?" ಅಲ್ಲದೆ ಇದ್ದಿರಬಹುದು ಎಂದ ಮಗ. ದ್ರಾಕ್ಷಿಯದೇ ಆಗಿದ್ದರೂ ಲಿವರಿಗೆ ವ್ಯತ್ಯಾಸವಿಲ್ಲ. ದ್ರಾಕ್ಷಿ, ಕಬ್ಬು, ಅಕ್ಕಿ, ಈಚಲು ಯಾವುದರಿಂದ ಬಂದರೂ ಎಥನಾಲಿನ ಅಣು ಒಂದೇ ಎಂದೂ ಹೇಳಿದ.

ಹೆಸರುವಾಸಿ ಬೆರಕೆಗಳು

ಹುಡುಗನ ಪುಸ್ತಕದಲ್ಲಿದ್ದ ಹೆಸರುಗಳಿಗೆ ಒಂದೊಂದಕ್ಕೂ ಒಂದು ಕಥೆಯುಂಟು. ಕಾಕ್‌ಟೇಲುಗಳ ಮೊದಲ ಪ್ರಮುಖ ಕೈಪಿಡಿಯನ್ನು 1862ರಲ್ಲಿ ಅಮೆರಿಕದ ಜೆರ್ರಿ ಥಾಮಸ್ ಪ್ರಕಟಿಸಿದ. ಅದರಲ್ಲಿ ಬ್ರಾಂದಿ ಕ್ರಸ್ಟಾ ಎಂಬುದಿದೆ. ಲೋಟದ ಅಂಚಿಗೆ ಸಕ್ಕರೆ ಹಚ್ಚಿ, ನಿಂಬೆಯ ಸಿಪ್ಪೆಯನ್ನು ಸುತ್ತಿ ಕೊಡುವುದು ಇದರ ವೈಖರಿ. ಇದನ್ನು ನ್ಯೂ ಆರ್ಲಿಯನ್ಸ್ ನಗರದ ಬಾರೊಂದರಲ್ಲಿ ಕಂಡುಹಿಡಿದರು. ಇದರ ಸಂತತಿಯೇ ಸೈಡ್‌ಕಾರ್. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಹುಟ್ಟಿದ ಇದನ್ನು ಪ್ಯಾರಿಸ್ ತನ್ನದೆನ್ನುತ್ತದೆ, ಲಂಡನ್ ತನ್ನದೆನ್ನುತ್ತದೆ. ಪುಸ್ತಕಗಳಲ್ಲಿ ಅಚ್ಚಾದದ್ದು 1922ರಲ್ಲಿ. ಬ್ರಾಂದಿ ಅಲೆಕ್ಸಾಂಡರ್ ಎಂಬುದರಲ್ಲಿ ಬ್ರಾಂದಿ, ಕೋಕೋ ಮದ್ಯ, ಹಾಲಿನ ಕೆನೆ ಮೂರೂ ಸಮಪಾಲು.

ಸಝರಾಕ್ ಎಂಬ ಇನ್ನೊಂದರ ಕಥೆಯಲ್ಲಿ ಜೀವಶಾಸ್ತ್ರವಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಇದನ್ನು ಮೊದಲು ಫ್ರೆಂಚ್ ಬ್ರಾಂದಿಯಲ್ಲೇ ಮಾಡುತ್ತಿದ್ದರೆಂದು ಹೇಳುತ್ತಾರೆ. 1860ರ ದಶಕದಲ್ಲಿ ಅಮೆರಿಕದಿಂದ ಬಳ್ಳಿಗಳ ಜೊತೆ ಫಿಲಾಕ್ಸೆರಾ ಎಂಬ ತೀರ ಸಣ್ಣ ಹೇನು ಫ್ರಾನ್ಸಿಗೆ ಬಂದು ದ್ರಾಕ್ಷಿಯ ಬೇರನ್ನು ಹೀರತೊಡಗಿತು. ತೋಟಗಳು ಒಣಗಿದವು, ಬ್ರಾಂದಿ ದುರ್ಲಭವಾಯಿತು, ಅದರ ಜಾಗಕ್ಕೆ ರೈ ವಿಸ್ಕಿ ಬಂದು ಕುಳಿತಿತು. ಕೊನೆಗೆ ಆ ಹೇನಿಗೆ ಜಗ್ಗದ ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಮಾಡಿ ತೋಟಗಳನ್ನು ಉಳಿಸಿಕೊಂಡರು. ಹುಳುವಿನ ರೋಗದಿಂದ ಒಂದು ಬೆಳೆಯೇ ಕೈಬಿಡುವುದೆಂದರೇನೆಂದು ರೇಷ್ಮೆ ಸಾಕುವ ಮನೆಗೆ ಬೇರೆ ಹೇಳಬೇಕೆ? ತಂದೆ ಕಸಿಯ ಬಗ್ಗೆ ಎರಡು ಪ್ರಶ್ನೆ ಕೇಳಿದರು.

ಲೋಟದೊಳಗಿನ ವಿಜ್ಞಾನ

ಬರಿಯ ಬ್ರಾಂದಿ ಗಂಟಲನ್ನು ಸುಡುತ್ತದೆ. ಮೆಣಸಿನಕಾಯಿಯ ಖಾರವನ್ನೂ ಬಿಸಿಯನ್ನೂ ಗ್ರಹಿಸುವ ನರತುದಿಗಳನ್ನೇ ಎಥನಾಲ್ ಕೆಣಕುತ್ತದೆ. ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನಲ್ಲಿ ಎಚ್ಚರಗೊಳ್ಳುವ ಅವು, ಎಥನಾಲ್ ಸೋಕಿದಾಗ ದೇಹದ ಸಹಜ ಉಷ್ಣತೆಗೇ ಎಚ್ಚರಗೊಂಡು 'ಸುಡುತ್ತಿದೆ' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಈ ಉರಿ ದೇಹ ಕೊಡುವ ಒಂದು ಎಚ್ಚರಿಕೆ.

ಕಾಕ್‌ಟೇಲಿನ ಕೌಶಲವಿರುವುದು ಈ ಎಚ್ಚರಿಕೆಯನ್ನು ಮೃದುಗೊಳಿಸುವುದರಲ್ಲಿ. ನಿಂಬೆಯ ಸಿಟ್ರಿಕ್ ಆಮ್ಲ ನಾಲಿಗೆಯ ಗಮನವನ್ನು ಬೇರೆಡೆ ಎಳೆಯುತ್ತದೆ. ಸಕ್ಕರೆ ಕಹಿಯನ್ನು ಮುಚ್ಚುತ್ತದೆ. ಕೆನೆಯ ಕೊಬ್ಬು ನಾಲಿಗೆಗೆ ಲೇಪವಾಗುತ್ತದೆ. ಐಸ್ ಎರಡು ಕೆಲಸ ಮಾಡುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಉಷ್ಣ ಬೇಕು. ಅದನ್ನು ಪಾನೀಯದಿಂದಲೇ ಹೀರಿಕೊಂಡು ತಂಪು ಮಾಡುತ್ತದೆ, ಕರಗಿದ ನೀರು ಮದ್ಯವನ್ನು ತೆಳುವಾಗಿಸುತ್ತದೆ. ಚೆನ್ನಾಗಿ ಕುಲುಕಿದರೆ ಪಾನೀಯ ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಐಸ್‌ಗೆ ಉಪ್ಪು ಬೆರೆಸಿ ಕುಲ್ಫಿ ಗಟ್ಟಿಮಾಡುವವರಿಗೆ ಇದರ ಗುಟ್ಟು ಗೊತ್ತು. ಕಿತ್ತಳೆ ಸಿಪ್ಪೆಯ ಎಣ್ಣೆ ನೀರಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಅರಗಿನದೂ ಇದೇ ಗುಣ. ತಿರುಗುವ ಮರಕ್ಕೆ ಅರಗನ್ನು ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಬಣ್ಣ ಹಿಡಿಸುತ್ತಾರೆ; ನೀರು ಬಿದ್ದರೆ ಆ ಹೊಳಪಿಗೆ ಏನೂ ಆಗದು, ಸ್ಪಿರಿಟ್ ಬಿದ್ದರೆ ಮಂಕಾಗುತ್ತದೆ. ಹುಡುಗ ತನ್ನ ಹಳೆಯ ಬುಗುರಿಯ ಮೇಲೆ ಒಂದು ಹನಿ ಸ್ಪಿರಿಟ್ ಬಿಟ್ಟು ಇದನ್ನು ತಂಗಿಗೆ ತೋರಿಸಿದ. ಬುಗುರಿ ಕೆಟ್ಟಿತೆಂದು ಅವಳು ಅತ್ತದ್ದೂ ಆಯಿತು.

ಇಷ್ಟೆಲ್ಲ ಮಾಡಿದ ಮೇಲೆ ಲೋಟದಲ್ಲಿರುವುದು ಹಣ್ಣಿನ ರಸದಂತೆ, ಚಾಕೊಲೇಟ್ ಹಾಲಿನಂತೆ ರುಚಿಸುತ್ತದೆ. ಉರಿ ಹೋಯಿತು, ಎಥನಾಲ್ ಮಾತ್ರ ಒಂದು ತೊಟ್ಟೂ ಕಡಿಮೆಯಾಗಲಿಲ್ಲ. ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತು ಇದು. ಮೊದಲ ಬಾರಿ ಕುಡಿಯುವ ಹರೆಯದವರಿಗೆ ಗೆಳೆಯರು ಕೈಗಿಡುವುದು ಸಾಮಾನ್ಯವಾಗಿ ಇಂಥ ಸಿಹಿ ಬೆರಕೆಯನ್ನೇ.

ತಕ್ಕಡಿಯ ಲೆಕ್ಕ

"ಆಯ್ತು, ಇದ್ರಲ್ಲಿ ಎಷ್ಟೈತೆ?" ಎಂದು ತಂದೆ ಕೇಳಿದ್ದು ಆಗಲೇ. ಹುಡುಗ ಪೆನ್ಸಿಲ್ ತೆಗೆದುಕೊಂಡ.

ನಮ್ಮ ದೇಶದ ಬ್ರಾಂದಿ ಸೀಸೆಯ ಚೀಟಿಯ ಮೇಲೆ ಸಾಮಾನ್ಯವಾಗಿ ಶೇಕಡ 42.8 ಎಂದಿರುತ್ತದೆ. ಈ ವಿಚಿತ್ರ ಸಂಖ್ಯೆ ಬ್ರಿಟಿಷರ ಬಳುವಳಿ. ಮದ್ಯದಲ್ಲಿ ತೊಯ್ಸಿದ ಸಿಡಿಮದ್ದು ಹೊತ್ತಿಕೊಂಡರೆ ಮದ್ಯ ಗಟ್ಟಿಯೆಂದು ಹಿಂದೆ ಪರೀಕ್ಷಿಸುತ್ತಿದ್ದರಂತೆ. ಆ ಅಳತೆಯ ನೂರು ಡಿಗ್ರಿ ಪ್ರೂಫ್ ಎಂದರೆ ಶೇಕಡ 57ರಷ್ಟು ಮದ್ಯಸಾರ. ಅದರ 75 ಡಿಗ್ರಿಯೇ 42.8. ಒಂದು ಸಣ್ಣ ಪೆಗ್ಗು 30 ಮಿಲಿಲೀಟರ್. ಅದರಲ್ಲಿ 12.8 ಮಿಲಿಲೀಟರ್ ಎಥನಾಲ್. ಅದರ ಸಾಂದ್ರತೆ 0.789, ಗುಣಿಸಿದರೆ ಸುಮಾರು 10 ಗ್ರಾಂ.

ಈಗ ಸೈಡ್‌ಕಾರ್. ಬ್ರಾಂದಿ 50 ಮಿಲಿಲೀಟರಿನಿಂದ 21.4, ಶೇಕಡ 40ರ ಕಿತ್ತಳೆ ಮದ್ಯ 20 ಮಿಲಿಲೀಟರಿನಿಂದ 8, ಒಟ್ಟು 29.4 ಮಿಲಿಲೀಟರ್, ಅಂದರೆ ಸುಮಾರು 23 ಗ್ರಾಂ. ಎರಡು ಪೆಗ್ಗಿಗಿಂತ ಹೆಚ್ಚು! ಅಂಗೈಯಷ್ಟು ಲೋಟದ ಈ ಪಾನೀಯ 650 ಮಿಲಿಲೀಟರಿನ ಒಂದು ದೊಡ್ಡ ಬಿಯರ್ ಸೀಸೆಗೆ ಹತ್ತಿರಹತ್ತಿರ ಸಮ. ಕೆನೆ ಹಾಕಿದ ಅಲೆಕ್ಸಾಂಡರಿನಲ್ಲಿ 16 ಗ್ರಾಂ. ಲಿವರ್ ಒಂದು ಗಂಟೆಗೆ ಕರಗಿಸಬಲ್ಲದ್ದು ಸ್ಥೂಲವಾಗಿ 7ರಿಂದ 10 ಗ್ರಾಂ. ಮಜ್ಜಿಗೆ ಕುಡಿದರೂ, ತಣ್ಣೀರು ಸುರಿದುಕೊಂಡರೂ, ಕಾಫಿ ಕುಡಿದರೂ ಈ ವೇಗ ಹೆಚ್ಚುವುದಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಮೂರು ಸೈಡ್‌ಕಾರ್ ಕುಡಿದವನ ರಕ್ತದಲ್ಲಿ ಬೆಳಗಿನ ಐದಕ್ಕೂ ಮದ್ಯವಿರಬಹುದು. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಬಾರದು. ಅರವತ್ತು ಕಿಲೋ ತೂಕದವನು ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು ಸೈಡ್‌ಕಾರ್ ಕುಡಿದರೂ ಆ ಗೆರೆ ದಾಟಬಹುದು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಕ್ವಾರ್ಟರ್ ಅಂದ್ರೆ ಎಷ್ಟಾಯ್ತದೆ?" ಎಂದರು. ದೊಡ್ಡಪ್ಪನ ನಿತ್ಯದ ಅಳತೆ ಅದು. ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ಆರು ಪೆಗ್ಗು, 60 ಗ್ರಾಂ. ದಿನಕ್ಕೆ 60 ಗ್ರಾಂ ಆದರೆ ವರ್ಷಕ್ಕೆ ಸುಮಾರು 22 ಕಿಲೋ. "ಅವ್ನು ಹದ್ನೈದು ವರ್ಷ ಕುಡ್ದ." ಹುಡುಗ ಗುಣಿಸಿದ. 330 ಕಿಲೋ.

ಗೂಡನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರಿದ ಮನುಷ್ಯ ಅವರು. ನೂರು ಕಿಲೋ ಗೂಡೆಂದರೆ ಎಷ್ಟು ಮಂಕರಿ, ಎಷ್ಟು ದಿನದ ಸೊಪ್ಪು, ಎಷ್ಟು ರಾತ್ರಿಯ ನಿದ್ದೆ ಎಂದು ಬಲ್ಲವರು. ಮುನ್ನೂರ ಮೂವತ್ತು ಕಿಲೋ ಸ್ಪಿರಿಟ್ ಒಬ್ಬ ಮನುಷ್ಯನ ಲಿವರಿನ ಮೂಲಕ ಹಾದುಹೋಯಿತೆಂಬುದು ಅವರಿಗೆ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಅರ್ಥವಾಯಿತು. "ನಿಮ್ ದೊಡ್ಡಪ್ಪಂಗೆ ಈ ಲೆಕ್ಕ ಯಾರೂ ಹೇಳ್ಲಿಲ್ಲ ಕಣ್ಲಾ" ಎಂದರು. ಹದಿನಾಲ್ಕು ವರ್ಷದ ಮೇಲೆ ಆ ಮನೆಯಲ್ಲಿ ಅಣ್ಣನ ಮಾತು ಬಂದದ್ದು ಹೀಗೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಲೆಕ್ಕ ಹೇಳಿದ್ದರೆ ಅವರು ಬದುಕುತ್ತಿದ್ದರೇ? ಹಾಗೆನ್ನಲಾಗದು. ಚಟ ಹತ್ತಿದ ಮೇಲೆ ಅದು ಕಾಯಿಲೆ. ಬುದ್ಧಿಮಾತಿಗಿಂತ ವೈದ್ಯರ ನೆರವು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದರೆ ಚಟ ಹತ್ತುವ ಮೊದಲಿನ ದಿನಗಳಲ್ಲಿ, ಬ್ರಾಂದಿ ಮೈಗೆ ಒಳ್ಳೆಯದೆಂದು ಯಾರೋ ಹೇಳಿದ ಆ ಹೊತ್ತಿನಲ್ಲಿ, ಲೆಕ್ಕ ಬಲ್ಲವರೊಬ್ಬರು ಹತ್ತಿರವಿರಬೇಕಿತ್ತು.

ಅಕ್ಕಿ ಡಬ್ಬದ ಹಿಂದಿನ ಸೀಸೆ

ಮದ್ಯದ ಹೆಸರೆತ್ತದ ಆ ಮನೆಯಲ್ಲೂ ಅಕ್ಕಿ ಡಬ್ಬದ ಹಿಂದೆ ಒಂದು ಸಣ್ಣ ಬ್ರಾಂದಿ ಸೀಸೆ ಇತ್ತು! ಮಕ್ಕಳಿಗೆ ನೆಗಡಿಯಾದರೆ ಜೇನಿನಲ್ಲಿ ಅರ್ಧ ಚಮಚ, ಬಾಣಂತಿಗೆ ಒಂದು ಚಮಚ, ಇದು ಅಜ್ಜಿಯ ವೈದ್ಯ. ನಾಡಿನ ಎಷ್ಟೋ ಅಡುಗೆಮನೆಗಳಲ್ಲಿ ಈ ಸೀಸೆ ಇನ್ನೂ ಇದೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಔಷಧಕೋಶದಲ್ಲಿ ಬ್ರಾಂದಿಗೆ ಸ್ಥಾನವಿತ್ತೆಂಬುದು ನಿಜ. ಕುಡಿದಾಗ ಮೈ ಬೆಚ್ಚಗಾದಂತೆ ತೋರುವುದೂ ನಿಜ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ರಕ್ತ ಹೊರಗೆ ಬರುವುದರಿಂದ ಹಾಗಾಗುತ್ತದೆ. ಹೊರಗೆ ಬಂದ ಶಾಖ ಗಾಳಿಗೆ ಹೋಗಿಬಿಡುತ್ತದೆ, ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ನಾಯಿ ಕೊರಳಲ್ಲಿ ಬ್ರಾಂದಿ ಪೀಪಾಯಿ ಕಟ್ಟಿಕೊಂಡು ಹಿಮದಲ್ಲಿ ಸಿಕ್ಕವರನ್ನು ಉಳಿಸುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅದು 1820ರಲ್ಲಿ ಲ್ಯಾಂಡ್‌ಸೀರ್ ಎಂಬ ಚಿತ್ರಕಾರ ಬರೆದ ಚಿತ್ರದಿಂದ ಹಬ್ಬಿದ ಕಲ್ಪನೆ. ಹಿಮದಲ್ಲಿ ನಡುಗುವವನಿಗೆ ಬ್ರಾಂದಿ ಕೊಟ್ಟರೆ ಕೇಡೇ ಹೆಚ್ಚು. ಎಳೆಯ ಮಕ್ಕಳಲ್ಲಂತೂ ಸ್ವಲ್ಪವೇ ಮದ್ಯಸಾರ ಕೂಡ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ತಾಯಿ ಕುಡಿದದ್ದು ಎದೆಹಾಲಿಗೂ ಸೇರುತ್ತದೆ. ಅಜ್ಜಿ ಮೊದಮೊದಲು ಒಪ್ಪಲಿಲ್ಲ. "ನಿಮ್ಮಪ್ಪನ್ನ ಸಾಕಿದ್ದು ಯಾರ್ಲಾ?" ಎಂದು ಗದರಿದರು. ಆದರೂ ಮುಂದಿನ ಬಾರಿ ಮೊಮ್ಮಗ ಬಂದಾಗ ಡಬ್ಬದ ಹಿಂದೆ ಸೀಸೆ ಇರಲಿಲ್ಲ.

ಹೊಸ ಕಾಲ, ಹೊಸ ಕಲಮು

ಹುಡುಗ ಓದು ಮುಗಿಸಿ ಈಗ ಬೆಂಗಳೂರಿನ ಒಂದು ಹೋಟೆಲಿನ ಪಾನೀಯ ವಿಭಾಗದಲ್ಲಿದ್ದಾನೆ. ತರಗತಿಯಲ್ಲಿ ಬ್ರಾಂದಿಯ ಬದಲು ಟೀ ಡಿಕಾಕ್ಷನ್ ಸುರಿದು ಕಲಿತವನು, ಇಂದಿಗೂ ಕುಡಿಯುವುದಿಲ್ಲ. ಹಳೆಯ ಸೈಡ್‌ಕಾರಿನ ಪಕ್ಕದಲ್ಲಿ ಇಂದು ಹೊಸ ಬೆರಕೆಗಳು ಬಂದಿವೆ. ಬ್ರಾಂದಿಗೆ ಫಿಲ್ಟರ್ ಕಾಫಿ ಸೇರಿಸುವವರುಂಟು, ನೇರಳೆ ಹಣ್ಣು, ಪುನರ್ಪುಳಿ, ಜೋನಿಬೆಲ್ಲ ಸೇರಿಸುವವರುಂಟು. ಮದ್ಯವೇ ಇಲ್ಲದ ಪಾನೀಯಗಳನ್ನು ಕೇಳುವ ಗಿರಾಕಿಗಳೂ ಹೆಚ್ಚುತ್ತಿದ್ದಾರೆ. ಅಜ್ಜಿಯ ಪಾನಕವನ್ನು ಐಸ್ ಹಾಕಿ ಕುಲುಕಿ, ಸೋಸಿ, ತುಳಸಿ ಎಲೆ ಇಟ್ಟು ಕೊಡುವುದು ಅವನ ಕೈಗುಣಕ್ಕೆ ಹೆಸರು ತಂದಿದೆ.

ಅವನ ಪುಸ್ತಕದಲ್ಲಿ ಒಂದು ಬದಲಾವಣೆಯಾಗಿದೆ. ಪ್ರತಿ ಪಾನೀಯದ ಎದುರಿಗೂ ಗೆರೆ ಎಳೆದು, ಅದರಲ್ಲಿ ಎಷ್ಟು ಗ್ರಾಂ ಎಥನಾಲ್, ಕರಗಲು ಎಷ್ಟು ಗಂಟೆ ಎಂದು ಬರೆದಿದ್ದಾನೆ. ಈ ಕಲಮನ್ನು ಸೇರಿಸೆಂದವರು ಅವನ ತಂದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅದೇ ತಿಂಗಳು ಕರ್ನಾಟಕ ಸರ್ಕಾರ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ ಎಂಬುದನ್ನು ನೆನೆದರೆ ಆ ವಿರೋಧಕ್ಕೆ ಅರ್ಥವಿತ್ತು. ಮಕ್ಕಳು ಇಂಥ ಓದನ್ನು ಆರಿಸಿಕೊಂಡರೆ ಪಾಲಕರು ನಾಚಬೇಕಾದ್ದಿಲ್ಲ, ಪುಸ್ತಕ ಮುಚ್ಚಿಡಬೇಕಾದ್ದೂ ಇಲ್ಲ. ತೆರೆದು ಓದಿ, ಎಷ್ಟಿದೆ ಎಂದು ಕೇಳಿದರೆ ಸಾಕು. ಇಂಥ ಓದು ಆರಿಸಿಕೊಳ್ಳದ ಮಕ್ಕಳಿಗೂ ಈ ಲೆಕ್ಕ ಬೇಕು. ಶೇಕಡವಾರು ಮತ್ತು ಸಾಂದ್ರತೆ ಕಲಿತ ಹೈಸ್ಕೂಲಿನ ಹುಡುಗರು ಹತ್ತು ನಿಮಿಷದಲ್ಲಿ ಮಾಡಬಹುದಾದದ್ದು.

ಇತ್ತೀಚೆಗೆ ಹುಡುಗನಿಗೆ ಹೆಣ್ಣು ನೋಡತೊಡಗಿದರು. ಕೆಲಸವೇನೆಂದು ಕೇಳಿದವರಿಗೆ 'ಹೋಟೆಲ್‌ನಲ್ಲಿ ಮ್ಯಾನೇಜರ್' ಎಂದು ತೇಲಿಸಿಬಿಡೋಣವೆಂದು ನೆಂಟರು ಸೂಚಿಸಿದರು. ತಂದೆ ಒಪ್ಪಲಿಲ್ಲ. "ಬಾರಲ್ಲಿ ಕೆಲ್ಸ. ಕುಡಿಯಾಕಿಲ್ಲ. ಕುಡಿಯೋರ್ಗೆ ಎಷ್ಟಾಯ್ತು ಅಂತ ಲೆಕ್ಕ ಹೇಳ್ತಾನೆ" ಎಂದರು. ಮೊದಲ ಸಂಬಂಧ ಅಲ್ಲಿಗೇ ನಿಂತಿತು. ಎರಡನೆಯ ಮನೆ ಮದ್ದೂರಿನ ಕಡೆಯದು. ಅಲ್ಲಿಯೂ ಅದೇ ಮಾತು ಹೇಳಿದರು. ಉಪ್ಪಿಟ್ಟು ಕಾಫಿ ಮುಗಿದ ಮೇಲೆ ಹೆಣ್ಣಿನ ತಂದೆ ಇವರನ್ನು ಹಿತ್ತಲಿಗೆ ಕರೆದೊಯ್ದು, ದನಿ ತಗ್ಗಿಸಿ, "ಸಂಬಂಧದ ಮಾತು ಆಮೇಲಿರ್ಲಿ ಯಜಮಾನ್ರೇ. ನನ್ ತಮ್ಮ ಒಬ್ಬ ಅವ್ನೆ, ದಿನಾ ಕ್ವಾರ್ಟರ್ ತಗಂತಾನೆ. ನಿಮ್ ಹುಡ್ಗ ಒಂದ್ಸಲ ಬಂದು ಆ ಲೆಕ್ಕ ಅವ್ನಿಗೆ ಹೇಳ್ತಾನಾ?" ಎಂದು ಕೇಳಿದರು.

ಹುಡುಗ ಮುಂದಿನ ವಾರದ ರಜೆಯಲ್ಲಿ ಪುಸ್ತಕ ಹಿಡಿದು ಮದ್ದೂರಿಗೆ ಹೋಗಿ ಬಂದ.